ಪಿನಾಕಲ್ಸ್ ಹಟ್: ಗೆಳತಿಯರ ಗುಂಪಿಗೆ ಹೇಳಿ ಮಾಡಿಸಿದ ಜಾಗ

ನ್ಯೂಜಿಲೆಂಡ್‌ನ ಆಕ್ಲೆಂಡ್ ಕಡೆ ಇರುವವರು ಒಂದು ರಾತ್ರಿ ಮನೆ, ಮಕ್ಕಳು ಎಲ್ಲ ಬಿಟ್ಟು ಕಾಡಿಗೆ ಹೋಗಬೇಕು ಅಂದ್ಕೊಂಡಿದ್ದರೆ ಅಲ್ಲಿನ ಕೋರಮಂಡಲ್‌ನಲ್ಲಿ ಚಾರಣಿಗರು ತಂಗುವ ಈ ಹಟ್‌ಗೆ ಹೋಗಿ. ಥೇಮ್ಸ್ ಹತ್ತಿರದ ಕವಾಯೆರಂಗಾ ಕಣಿವೆಯಲ್ಲಿ ರಸ್ತೆ ಮುಗಿಯುವ ಕಡೆಯಿಂದ ಸುಮಾರು 3 ಗಂಟೆ ನಡಿಗೆ. ಹಿಂದೆ ಕೌರಿ ಮರ ಕಡಿಯುವವರಿಗೆ ಕುದುರೆಗಳು ಸಾಮಾನು ಹೊರುತ್ತಿದ್ದ ದಾರಿ. ಬಂಡೆಯಲ್ಲಿ ಕೊರೆದ ಮೆಟ್ಟಿಲು ಈಗಲೂ ಇವೆ, ಮಳೆ ಬಂದರೆ ಜಾರುತ್ತವೆ. ಕೌರಿಗೆ ರೋಗ ಹರಡದಂತೆ ಬೂಟು ಉಜ್ಜಿ ತೊಳೆಯಲು ವ್ಯವಸ್ಥೆ ಇದೆ. ದಯವಿಟ್ಟು ಸುಮ್ನೆ ದಾಟಿ ಹೋಗಬೇಡಿ.

ಹಟ್ ಅಂದರೆ ಗುಡಿಸಲಲ್ಲ, 80 ಜನ ಮಲಗಬಹುದು! ಹಾಸಿಗೆ ಇದೆ, ಹೊದಿಕೆ ಇಲ್ಲ. ಸ್ಲೀಪಿಂಗ್ ಬ್ಯಾಗ್ ನೀವೇ ಒಯ್ಯಬೇಕು. ನಮಗೆ ಖುಷಿ ಕೊಟ್ಟಿದ್ದು ಅಡುಗೆಮನೆಯ ಗ್ಯಾಸ್ ಒಲೆ. ಪುಳಿಯೋಗರೆ ಗೊಜ್ಜು ಡಬ್ಬಿಯಲ್ಲಿತ್ತು, ಅನ್ನ ಅಲ್ಲೇ ಮಾಡಿದೆವು. ಸಾಸಿವೆ, ಕರಿಬೇವು ಸಿಡಿದದ್ದೇ ತಡ, ಪಕ್ಕದ ಮೇಜಿನಲ್ಲಿ ಪ್ಯಾಕೆಟ್ ನೂಡಲ್ಸ್ ತಿನ್ನುತ್ತಿದ್ದ ಹುಡುಗಿಯರು ತಟ್ಟೆ ಹಿಡಿದು ಬಂದೇಬಿಟ್ಟರು. ಕೊಡದೆ ಇರೋಕಾಗುತ್ತಾ?

ಮಲಗುವ ಕೋಣೆ ಎಲ್ಲರಿಗೂ ಸೇರಿದ್ದು. ಗೊರಕೆಗೆ ಗಂಡು ಹೆಣ್ಣು ಅಂತಿಲ್ಲ, ಇಯರ್‌ಪ್ಲಗ್ ಮರೆಯಬೇಡಿ.

759 ಮೀಟರ್ ಎತ್ತರದ ಪಿನಾಕಲ್ಸ್ ಬೆಟ್ಟದ ತುದಿಗೆ ಹಟ್‌ನಿಂದ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ. ಕೊನೆಗೆ ಕಬ್ಬಿಣದ ಏಣಿ ಹತ್ತಬೇಕು, ಎತ್ತರಕ್ಕೆ ಹೆದರುವವರು ಕೆಳಗೇ ಕೂತು ಹರಟೆ ಹೊಡೆಯಬಹುದು. ಮೊದಲೇ ಬುಕ್ ಮಾಡಿ, ವಾರಾಂತ್ಯಕ್ಕೆ ಬೇಗ ಭರ್ತಿಯಾಗುತ್ತದೆ. ಕಸಕ್ಕೊಂದು ಚೀಲ ಇರಲಿ, ನಿಮ್ಮ ಬಾಳೆಹಣ್ಣಿನ ಸಿಪ್ಪೆಯನ್ನೂ ನೀವೇ ಹೊತ್ತು ತರಬೇಕು.