ತಕಾಕುರಾ ಗೊಬ್ಬರ ಬುಟ್ಟಿ: ಕೊಳ್ಳುವ ಮುನ್ನ ಹೆಪ್ಪು ನೋಡಿ

ಕರೆಂಟು ಬೇಡ, ಎರೆಹುಳ ಬೇಡ, ಅಂಗಳ ಬೇಡ. ಸರಿಯಾಗಿ ನಡೆದರೆ ಕೆಳಗೆ ಒಂದು ಹನಿ ಕೊಳೆನೀರೂ ಇಳಿಯದು. ಹಸಿಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಸಾಧನಗಳಲ್ಲಿ ತಕಾಕುರಾ ಬುಟ್ಟಿ ಇಷ್ಟು ಕಡಿಮೆ ಬೇಡುತ್ತದೆ. ಜಪಾನಿನ ಕಿಟಾಕ್ಯುಶು ನಗರದ ನೆರವಿನೊಂದಿಗೆ ಗೊಬ್ಬರ ತಜ್ಞ ಕೋಜಿ ತಕಾಕುರಾ ಇದನ್ನು 2000ದ ದಶಕದ ಮಧ್ಯದಲ್ಲಿ ಇಂಡೋನೇಷ್ಯಾದ ಸುರಬಾಯಾದಲ್ಲಿ ರೂಪಿಸಿದರು. ಅಲ್ಲಿ ಸಾವಿರಾರು ಮನೆಗಳಿಗೆ ಬುಟ್ಟಿ ಹಂಚಲಾಯಿತು. ಅಲ್ಲೇ ಸುಲಭವಾಗಿ ಸಿಗುವ ಬುಟ್ಟಿ, ಭತ್ತದ ಹೊಟ್ಟು, ತೌಡು, ರಟ್ಟು ಇವುಗಳಿಂದಲೇ ಆಗಬೇಕು ಎಂಬುದು ಇದರ ಹಿಂದಿನ ಲೆಕ್ಕ. ಆ ಲೆಕ್ಕ ಇಂದಿಗೂ ಸರಿ. ಕೆಳ ಮತ್ತು ಮಧ್ಯಮ ಆದಾಯದ ದೇಶಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸವೇ ಎಂದು ವಿಶ್ವಬ್ಯಾಂಕಿನ 2018ರ ವರದಿ ಹೇಳುತ್ತದೆ. ಶ್ರೀಮಂತ ದೇಶಗಳಲ್ಲಿ ಅದು ಶೇಕಡ 32ರಷ್ಟು.

ಬುಟ್ಟಿಯ ರಚನೆ ಸರಳ. ಸುತ್ತಲೂ ತೂತುಗಳಿರುವ, ಬಟ್ಟೆ ಒಗೆಯಲು ಹಾಕಿಡುವಂಥ ಪ್ಲಾಸ್ಟಿಕ್ ಬುಟ್ಟಿ, ಸುಮಾರು 50 ಲೀಟರಿನದು. ತಳದಲ್ಲಿ ಹೊಟ್ಟು ತುಂಬಿದ ಬಲೆಚೀಲದ ದಿಂಬು, ಒಳಮೈಗೆ ರಟ್ಟಿನ ಹೊದಿಕೆ, ಅದರೊಳಗೆ ಅರ್ಧಕ್ಕಿಂತ ಮೇಲೆ ಬರುವಷ್ಟು ಹೆಪ್ಪುಗೊಬ್ಬರ (ಕಸ ಕೊಳೆಸುವ ಸೂಕ್ಷ್ಮಜೀವಿಗಳು ತುಂಬಿದ ಪುಡಿ), ಮೇಲೆ ಇನ್ನೊಂದು ಹೊಟ್ಟಿನ ದಿಂಬು, ಬಿಗಿಯಾಗಿ ಹೊದಿಸಿದ ಬಟ್ಟೆ, ಕೊನೆಗೆ ಮುಚ್ಚಳ. ದಿಂಬು ತೇವವನ್ನೂ ವಾಸನೆಯನ್ನೂ ಹೀರುತ್ತದೆ. ರಟ್ಟು ಶಾಖ ಹಿಡಿದಿಟ್ಟು ಪುಡಿ ಸೋರದಂತೆ ತಡೆಯುತ್ತದೆ. ನೊಣ ಒಳಗೆ ಹೋಗದಂತೆ ಕಾಯುವುದು ಬಟ್ಟೆ. ಅದನ್ನು ಬಿಟ್ಟು ಬರೀ ಮುಚ್ಚಳ ಹಾಕಿದರೆ ವಾರದೊಳಗೆ ಹುಳ ಕಾಣಿಸುತ್ತವೆ. ಬುಟ್ಟಿಯನ್ನು ನೆಲಕ್ಕೆ ತಾಗಿಸಿ ಇಡಬಾರದು. ಎರಡು ಇಟ್ಟಿಗೆಗಳ ಮೇಲೆ, ಮಳೆ ಬೀಳದ ಜಾಗದಲ್ಲಿ, ಗೋಡೆಯಿಂದ ಒಂದು ಗೇಣು ದೂರದಲ್ಲಿರಲಿ.

ಆದರೆ ಇಡೀ ಸಾಧನದ ಜೀವ ಇರುವುದು ಹೆಪ್ಪಿನಲ್ಲಿ. ಮಾರಾಟಕ್ಕಿರುವ ಕಿಟ್‌ಗಳು ಹೆಚ್ಚಾಗಿ ಎಡವುವುದೂ ಇಲ್ಲೇ: ಚೆಂದದ ಬುಟ್ಟಿಯ ಜೊತೆ ಒಂದು ಸಣ್ಣ ಪೊಟ್ಟಣ ಪುಡಿ ಕೊಟ್ಟು ಸಾಕೆನ್ನುತ್ತವೆ. ಅಷ್ಟು ಪುಡಿ ಒಂದು ಕಿಲೋ ಕಸದ ತೇವವನ್ನೇ ತಾಳದು, ಇನ್ನು ಕೊಳೆಸುವುದೆಲ್ಲಿ ಬಂತು? ಬುಟ್ಟಿಯ ಅರ್ಧ ತುಂಬುವಷ್ಟು ಹೆಪ್ಪು ಕೊಡದ ಕಿಟ್ಟನ್ನು ಕೊಳ್ಳಬೇಡಿ. ಕೊಟ್ಟರೂ ಮೂಸಿ ನೋಡಿ. ಮಣ್ಣಿನ ಅಥವಾ ಹಿತವಾದ ಹುಳಿ ವಾಸನೆ ಸರಿ. ಕೊಳೆತ ವಾಸನೆ ಬಂದರೆ ಅದು ಸತ್ತ ಹೆಪ್ಪು.

ಮನೆಯಲ್ಲೇ ಹೆಪ್ಪು ಮಾಡುವುದು ಕಷ್ಟವಲ್ಲ. ಒಂದು ಬಾಟಲಿಯಲ್ಲಿ ಸಕ್ಕರೆ ನೀರಿಗೆ ಮೊಸರು, ಯೀಸ್ಟ್‌ನಂಥ ಹುದುಗಿದ ಪದಾರ್ಥ ಹಾಕಿಡಿ. ಇನ್ನೊಂದರಲ್ಲಿ ಉಪ್ಪುನೀರಿಗೆ ಹಣ್ಣು-ತರಕಾರಿ ಸಿಪ್ಪೆ ಹಾಕಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಅನಿಲ ತುಂಬಿ ಬಾಟಲಿ ಸಿಡಿದೀತು. ಮೂರರಿಂದ ಐದು ದಿನದ ಬಳಿಕ ಎರಡನ್ನೂ ಸಮಪಾಲು ತೌಡು-ಹೊಟ್ಟಿಗೆ ಚಿಮುಕಿಸಿ ಕಲಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ರಾಶಿ ಮಾಡಿ ಬಟ್ಟೆ ಹೊದಿಸಿಟ್ಟರೆ ಮತ್ತೆ ಮೂರರಿಂದ ಐದು ದಿನದಲ್ಲಿ ರಾಶಿ ಬೆಚ್ಚಗಾಗಿ ಮೇಲೆ ಬಿಳಿ ಬೂಷ್ಟು ಹಬ್ಬುತ್ತದೆ. ಬೂಷ್ಟು ಕಂಡು ಗಾಬರಿಯಾಗಿ ಎಸೆಯಬೇಡಿ, ಹೆಪ್ಪು ಕೂತಿದೆ ಎಂಬುದಕ್ಕೆ ಅದೇ ಗುರುತು.

ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಈ ಬುಟ್ಟಿಯ ಮಿತಿ. ಕಸದ ನೀರು ಬಸಿದು, ಎರಡು ಸೆಂಟಿಮೀಟರ್ ಚೂರುಗಳಾಗಿ ಹೆಚ್ಚಿ, ನಡುವೆ ಗುಂಡಿ ತೋಡಿ ಹಾಕಿ, ಹೆಪ್ಪಿನೊಂದಿಗೆ ಚೆನ್ನಾಗಿ ಕಲಸಿ ಮುಚ್ಚಬೇಕು. ಮರುದಿನ ಕೈ ಇಟ್ಟರೆ ಬಿಸಿ ತಟ್ಟಬೇಕು. ಮೂಳೆ, ಕರಟ, ದೊಡ್ಡ ಓಟೆ ಬೇಡ. ಸಾಕುಪ್ರಾಣಿಗಳ ಮಲ, ಡಯಾಪರ್ ಖಂಡಿತ ಬೇಡ. ರೋಗಾಣು ಸಾಯಲು 55 ಡಿಗ್ರಿಗಿಂತ ಮೇಲೆ ಕನಿಷ್ಠ ಮೂರು ದಿನ ಕಾಯಬೇಕು; ಇಷ್ಟು ಚಿಕ್ಕ ರಾಶಿ ಆ ಶಾಖವನ್ನು ಅಷ್ಟು ಹೊತ್ತು ಹಿಡಿದಿಡುತ್ತದೆ ಎಂದು ನೆಚ್ಚುವಂತಿಲ್ಲ.

ಕೆಡುವ ಬಗೆಗಳನ್ನು ಮೂಗೇ ಹೇಳಿಕೊಡುತ್ತದೆ. ಕೊಳೆತ ವಾಸನೆ ಬಂದರೆ ತೇವ ಹೆಚ್ಚಾಗಿ ಗಾಳಿ ಆಡುತ್ತಿಲ್ಲ: ಎರಡು ದಿನ ಕಸ ನಿಲ್ಲಿಸಿ, ಒಣ ಹೊಟ್ಟು ಅಥವಾ ಹರಿದ ರಟ್ಟು ಸೇರಿಸಿ, ಬೆಳಿಗ್ಗೆ-ಸಂಜೆ ತಳದವರೆಗೂ ಕಲಕಿ. ಮೂಗಿಗೆ ಚುಚ್ಚುವ ಅಮೋನಿಯಾ ಬಂದರೆ ಸಾರಜನಕ ಹೆಚ್ಚಿದೆ. ಒಣ ಎಲೆ ಇಲ್ಲವೇ ಮರದ ಪುಡಿ ಹಾಕಿದರೆ ಇಳಿಯುತ್ತದೆ. ಇರುವೆ ಬಂದಿವೆ, ಬಿಸಿಯೂ ಇಲ್ಲ ಎಂದರೆ ಒಣಗಿದೆ. ನೀರು ಚಿಮುಕಿಸಿ ಒಂದು ಹಿಡಿ ತೌಡು ಕೊಡಿ. ಹುಳ ಕಂಡರೆ ಕಸವನ್ನು ಆಳದಲ್ಲಿ ಹೂತು ಬಟ್ಟೆಯ ಸಂದು ಮುಚ್ಚಿ. ರಟ್ಟು ಕೆಲವು ತಿಂಗಳಲ್ಲಿ ಮೆತ್ತಗಾಗಿ ಕುಸಿಯುತ್ತದೆ. ಅದು ದೋಷವಲ್ಲ; ಹರಿದು ಬುಟ್ಟಿಗೇ ಹಾಕಿ ಹೊಸದು ಜೋಡಿಸಿ.

ಬುಟ್ಟಿ ತುಂಬಿದಾಗ ಮೂರನೇ ಒಂದು ಭಾಗ ತೆಗೆದು ನೆರಳಲ್ಲಿ ಎರಡು ವಾರ ಹಣ್ಣಾಗಲು ಬಿಡಿ. ಉಳಿದದ್ದೇ ಮುಂದಿನ ಹೆಪ್ಪು. ಪೂರ್ತಿ ಬರಿದು ಮಾಡಿದವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹಸಿಕಸವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸುವ ಬೊಕಾಶಿ ಡಬ್ಬಿಗೆ ಹೋಲಿಸಿದರೆ ದಿನಾ ಕಲಸುವ ಕೆಲಸ ಇಲ್ಲಿ ಹೆಚ್ಚು. ಆದರೆ ಬೊಕಾಶಿಯಲ್ಲಿ ಹುಳಿತ ಕಸವನ್ನು ಆಮೇಲೆ ಮಣ್ಣಲ್ಲಿ ಹೂಳಲೇಬೇಕು, ನೆಲವಿಲ್ಲದ ಮನೆಗೆ ಅದು ತಲೆನೋವು.

ಇನ್ನೊಂದು ಲಾಭವನ್ನು ಮಾರುವವರು ಹೇಳುವುದೇ ಇಲ್ಲ. ಹಸಿಕಸ ಬುಟ್ಟಿ ಸೇರಿದ ದಿನದಿಂದ ಒಣಕಸ ಒಣಗಿಯೇ ಉಳಿಯುತ್ತದೆ. ಎಣ್ಣೆ, ಸಾರು ಮೆತ್ತಿದ ಕಾಗದವನ್ನು ಯಾವ ಕಾಗದದ ಗಿರಣಿಯೂ ಬಯಸುವುದಿಲ್ಲ. ಶುಭ್ರ ಕಾಗದ, ರಟ್ಟು, ಬಾಟಲಿ, ಡಬ್ಬಿಗಳಿಗೆ ಗುಜರಿಯಲ್ಲಿ ಬೆಲೆ ಇದೆ. ಕಸ ಆಯುವವರು ಕೊಳಕಿನಲ್ಲಿ ಕೈ ಹಾಕಿ ಹೆಕ್ಕಬೇಕಾದ ಪಾಡೂ ತಪ್ಪುತ್ತದೆ. ಬುಟ್ಟಿಯ ಪಕ್ಕದಲ್ಲೇ ಎರಡು ಚೀಲ ತೂಗುಹಾಕಿ: ಒಂದು ಕಾಗದ-ರಟ್ಟಿಗೆ, ಇನ್ನೊಂದು ತೊಳೆದ ಪ್ಲಾಸ್ಟಿಕ್, ಗಾಜು, ಲೋಹಕ್ಕೆ. ತಿಂಡಿ ಪೊಟ್ಟಣದ ಬಹುಪದರ ಹಾಳೆಗೆ ಗಿರಾಕಿ ಸಿಗುವುದು ಅಪರೂಪ, ಅದನ್ನು ಬೇರೆಯೇ ಇಡಿ.

ನಾಲ್ಕೈದು ಜನರ ಮನೆಗೆ ಒಂದು ಬುಟ್ಟಿ ಸಾಕು. ಅದಕ್ಕಿಂತ ದೊಡ್ಡ ಸಂಸಾರವಾದರೆ ದೊಡ್ಡ ಡ್ರಮ್ಮಿನ ಆಸೆ ಬೇಡ, ನಡುವಿಗೆ ಗಾಳಿ ಹೋಗದು. ಇಂಥದ್ದೇ ಎರಡು ಬುಟ್ಟಿ ಇಟ್ಟು ದಿನ ಬಿಟ್ಟು ದಿನ ತುಂಬಿ.