ಸೆಕೆಂಡ್ ಹ್ಯಾಂಡ್ ಮಾಲು ಆ್ಯಪಿನಲ್ಲಿ: ಮಲೆನಾಡಿನ ಗಿರಾಕಿಯೊಬ್ಬನ ವಿಮರ್ಶೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆ ಹಳೆಯ ಕಳೆ ಕೊಚ್ಚುವ ಯಂತ್ರವೋ ಅಡಿಕೆ ಸುಲಿಯುವ ಯಂತ್ರವೋ ಬೇಕಾದವರು ಮೊದಲೆಲ್ಲ ಮೆಕ್ಯಾನಿಕ್ಕಿಗೋ ಗುಜರಿ ಅಂಗಡಿಯವರಿಗೋ ಹೇಳಿಟ್ಟು ಕಾಯುತ್ತಿದ್ದರು. ಈಗ ಆ ಕೆಲಸವನ್ನು ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮತ್ತು ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳು ಮಾಡುತ್ತಿವೆ. ಈ ಮೂರನ್ನೂ ತೋಟ ಮತ್ತು ಮನೆಯ ಸಾಮಾನಿಗಾಗಿ ಬಳಸುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ ಹುಡುಕಾಟದ ಕಷ್ಟವೇನೋ ಬಹುಮಟ್ಟಿಗೆ ತಪ್ಪಿದೆ. ಆದರೆ ನಿಜಕ್ಕೂ ಅಗ್ಗ ಎನ್ನಬಹುದಾದ ಮಾಲು ಮೊದಲಿಗಿಂತ ಅಪರೂಪವಾಗಿದೆ.

ಬೆಲೆಯ ಮಾಹಿತಿ ಎಲ್ಲರ ಕೈಗೂ ಸಿಕ್ಕಿರುವುದೇ ಇದಕ್ಕೆ ಕಾರಣ. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವಾಗ ಬಾಗಿಲು, ಕಂಬಗಳನ್ನು ಸೌದೆಗಿಂತ ತುಸು ಹೆಚ್ಚಿನ ದರಕ್ಕೆ ಕೊಟ್ಟುಬಿಡುತ್ತಿದ್ದ ಮನೆಯವರು, ಇಂದು ಅಂಥದ್ದೇ ಬಾಗಿಲಿಗೆ ಬೆಂಗಳೂರಿನ ಮಾರಾಟಗಾರ ಎಷ್ಟು ಕೇಳಿದ್ದಾನೆ ಎಂದು ಮೊಬೈಲಿನಲ್ಲಿ ನೋಡಿಕೊಂಡೇ ಮಾತಿಗೆ ಕೂರುತ್ತಾರೆ. ಮಾರುವವರ ಪಾಲಿಗೆ ಇದು ನ್ಯಾಯವೇ, ಗಿರಾಕಿಗೆ ಸ್ವಲ್ಪ ಹೊಟ್ಟೆಯುರಿ ಅಷ್ಟೆ. ಆದರೆ ಜಾಹೀರಾತಿನ ಬೆಲೆಗೂ ವ್ಯಾಪಾರ ಕುದುರುವ ಬೆಲೆಗೂ ಅಂತರವಿದೆ ಎಂಬುದನ್ನು ಅವರು ಗಮನಿಸುವುದಿಲ್ಲ. ಬಹುಕಾಲದಿಂದ ಕದಲದೆ ಕುಳಿತಿರುವ ಜಾಹೀರಾತು ಕಂಡರೆ ಧೈರ್ಯವಾಗಿ ಕಡಿಮೆ ಕೇಳಬಹುದು. ಅಡಿಕೆ ಸುಲಿಯುವ ಯಂತ್ರವನ್ನಂತೂ ಕೊಯ್ಲು ಮುಗಿದ ಬೇಸಿಗೆಯಲ್ಲೇ ಕೊಳ್ಳಬೇಕು; ಹೊಸ ಕೊಯ್ಲು ಹತ್ತಿರವಾದಾಗ ಯಾರೂ ಚೌಕಾಸಿಗೆ ಜಗ್ಗುವುದಿಲ್ಲ.

ಊರನ್ನು ಕೇಂದ್ರವಾಗಿಟ್ಟು ಇಷ್ಟು ಕಿಲೋಮೀಟರ್ ಸುತ್ತಮುತ್ತ ಎಂದು ಹುಡುಕುವ ಸೌಲಭ್ಯ ಬಯಲುಸೀಮೆಗೆ ಒಪ್ಪಬಹುದು, ಘಟ್ಟದ ಊರುಗಳಿಗೆ ಅಲ್ಲ. ನಕ್ಷೆಯ ವೃತ್ತಕ್ಕೆ ಶರಾವತಿ ಹಿನ್ನೀರಿನ ಗೊಡವೆಯಿಲ್ಲ. 2025ರ ಜುಲೈಯಲ್ಲಿ ಆ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ, ಆಚೆ ದಡದಲ್ಲಿ ಕಂಡ ಹತ್ತಿರದ ಮಾಲನ್ನು ನೋಡಲು ದಾಟಿಸುವ ಲಾಂಚ್ ಹೊತ್ತಿಗೆ ಕಾಯಬೇಕಿತ್ತು, ಇಲ್ಲವೇ ಬಹಳ ದೂರ ಸುತ್ತಬೇಕಿತ್ತು. ಆದ್ದರಿಂದ ಬಾಡಿಗೆ ಪಿಕಪ್ಪಿನ ಖರ್ಚನ್ನು ಸೇರಿಸದೆ ಯಾವ ಬೆಲೆಯನ್ನೂ ಅಗ್ಗ ಎನ್ನಬಾರದು.

ಯಂತ್ರಗಳನ್ನು ಕಣ್ಣಾರೆ ನೋಡಿ, ಓಡಿಸಿಯೇ ಕೊಳ್ಳಬೇಕು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಕಳೆ ಯಂತ್ರವಾದರೆ ಮೊದಲು ಎಂಜಿನ್ ಮೇಲೆ ಕೈಯಿಡಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿಯಾಗಿಸಿಟ್ಟಿದ್ದರೆ, ತಣ್ಣಗಿರುವಾಗ ಸುಲಭವಾಗಿ ಹಿಡಿಯುವುದಿಲ್ಲ ಎಂಬ ಅನುಮಾನ ಸಹಜ. ನಂತರ ಸೈಲೆನ್ಸರ್ ಬಿಚ್ಚಿಸಿ, ಹೊಗೆ ಹೊರಡುವ ಕಂಡಿಯೊಳಗೆ ಟಾರ್ಚ್ ಹಾಕಿ, ಸ್ಟಾರ್ಟ್ ಮಾಡುವ ಹಗ್ಗವನ್ನು ಮೆಲ್ಲಗೆ ಎಳೆದರೆ ಪಿಸ್ಟನ್ನಿನ ಮೈ ಕಾಣುತ್ತದೆ. ಆಯಿಲ್ ಬೆರೆಸದೆ ಬರೀ ಪೆಟ್ರೋಲಿನಲ್ಲಿ ಓಡಿಸಿದ ಯಂತ್ರವಾದರೆ ಅಲ್ಲಿ ಉದ್ದುದ್ದ ಗೀರುಗಳಿರುತ್ತವೆ. ಕೊನೆಗೆ ಬ್ಲೇಡ್ ಕೂರುವ ತುದಿಯನ್ನು ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಎಂದರೆ ಬೇರಿಂಗ್ ಹೋಗಿದೆ ಎಂದರ್ಥ. ಇಷ್ಟನ್ನು ನೋಡಲು ಬಿಡದ ಮಾರಾಟಗಾರನೊಂದಿಗೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಬೈಕು, ಕಾರುಗಳಿಗೆ ಓಎಲ್‌ಎಕ್ಸ್ ಅನುಕೂಲ. ಅದರ ಭಾರತದ ವ್ಯವಹಾರವನ್ನು 2023ರಲ್ಲಿ ವಾಹನ ಮಾರಾಟದ ಜಾಲತಾಣ ನಡೆಸುವ ಕಾರ್‌ಟ್ರೇಡ್ ಕಂಪನಿ ಕೊಂಡಿದೆ. ಆರ್‌ಸಿಯನ್ನು (ವಾಹನದ ನೋಂದಣಿ ಪತ್ರವನ್ನು) ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡೇ ಪೂರ್ತಿ ಹಣ ಕೊಡಬೇಕು. ಮುಖ ನೋಡದೆ ಮುಂಗಡ ಕೇಳುವವರಿಗೆ ಬಿಡಿಗಾಸೂ ಕಳುಹಿಸಬಾರದು. ನೀವೇ ಮಾರುವವರಾಗಿದ್ದರೆ, ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ ಎಂಬುದು ನೆನಪಿರಲಿ. ಕ್ಯೂಆರ್ ಕೋಡ್ ಕಳುಹಿಸಿ ಪಿನ್ ಒತ್ತಿ ಎನ್ನುವವನು ಕಳ್ಳನೇ.

ಮರದ ಸಾಮಾನಿಗೆ ಮಾತ್ರ ನಾನು ಈಗಲೂ ಆ್ಯಪನ್ನು ನೆಚ್ಚುವುದಿಲ್ಲ. ಎಣ್ಣೆ ಒರೆಸಿ ತೆಗೆದ ಫೋಟೋದಲ್ಲಿ ಹಲಸು ಯಾವುದು, ಸಾಗುವಾನಿ ಯಾವುದು ಎಂದು ಹೇಳುವುದು ಕಷ್ಟ, ಕುಟ್ಟೆ (ಮರ ಕೊರೆಯುವ ಹುಳ) ಹಿಡಿದಿದ್ದಂತೂ ತಿಳಿಯುವುದೇ ಇಲ್ಲ. ಮಂಚವನ್ನು ಮಗುಚಿ, ಕಾಲನ್ನು ತಟ್ಟಿ, ಹಿಟ್ಟು ಉದುರುತ್ತದೆಯೇ ಎಂದು ನೋಡಬೇಕು. ಅದಕ್ಕೆ ಗುಜರಿ ಅಂಗಡಿಗೇ ಹೋಗುತ್ತೇನೆ.