ಕ್ಯಾಸೆಟ್ ಪ್ಲಗಿನ್: ಮೊದಲು ಸ್ಯಾಚುರೇಷನ್, ವಾವ್ ಕೊನೆಗೆ

ವೇವ್ಸ್‌ಫ್ಯಾಕ್ಟರಿಯ ಕ್ಯಾಸೆಟ್, ಸ್ಕೆಚ್‌ಕ್ಯಾಸೆಟ್, ಉಚಿತವಾಗಿ ಸಿಗುವ ಚೌ ಟೇಪ್ ಮಾಡೆಲ್: ಕಂಪ್ಯೂಟರಿನಲ್ಲಿ ಹಾಡಿಗೆ ಹಳೆಯ ಟೇಪಿನ ಗುಣ ಕೊಡುವ ಈ ಪ್ಲಗಿನ್‌ಗಳನ್ನು ವರ್ಷಗಟ್ಟಲೆ ಬಳಸಿ ಹೇಳುವ ಮಾತಿದು. ಹೊಸಬರ ಕೈ ಮೊದಲು ಹೋಗುವುದು ದನಿಯನ್ನು ತೂಗಾಡಿಸುವ ವಾವ್ ನಾಬ್‌ಗೆ. ಆದರೆ ಹಾಕಿದ ದುಡ್ಡಿಗೆ ಮೋಸವಿಲ್ಲ ಎನಿಸುವುದು ಸ್ಯಾಚುರೇಷನ್‌ನಿಂದ, ಅಂದರೆ ಟೇಪ್ ಹಿಡಿಯಲಾರದಷ್ಟು ಜೋರಾದ ದನಿ ಮೆತ್ತಗಾಗುವುದರಿಂದ.

ಕ್ಯಾಸೆಟ್‌ನಲ್ಲಿ ಟೇಪ್ ಸೆಕೆಂಡಿಗೆ ಬರೀ 4.76 ಸೆಂ.ಮೀ. ಓಡುತ್ತದೆ. ಆ ವೇಗದಲ್ಲಿ ಮೊದಲು ತುಂಬಿಹೋಗುವುದು ಹೈ ಫ್ರೀಕ್ವೆನ್ಸಿ. ಹೈ-ಹ್ಯಾಟ್‌ನ ಚುಚ್ಚು, ಹಾಡಿನಲ್ಲಿ ಸಕಾರದ ಸೀಳು ಮೆತ್ತಗಾಗುವುದು ಇದರಿಂದಲೇ. ಫ್ರೀಕ್ವೆನ್ಸಿಗಳನ್ನು ಏರಿಳಿಸುವ ಇಕ್ಯೂನಲ್ಲಿ ಇಳಿಸಿದರೆ ಸದಾ ಇಳಿದೇ ಇರುತ್ತದೆ. ಇಲ್ಲಿ ದನಿ ಜೋರಾದಾಗ ಮಾತ್ರ. ಟ್ರ್ಯಾಕಿನ ಸರಾಸರಿ ಮಟ್ಟವನ್ನು -18 ಡಿಬಿ ಆಸುಪಾಸಿಗೆ ತಂದು, ಇನ್‌ಪುಟ್ಟನ್ನು ಒಂದೊಂದೇ ಡಿಬಿ ಏರಿಸಿ, ಔಟ್‌ಪುಟ್ಟನ್ನು ಅಷ್ಟೇ ಇಳಿಸಿ ಕೇಳಿ. ಹಾಗೆ ಮಾಡದಿದ್ದರೆ ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಚೌ ಟೇಪ್‌ಗೆ ಮಾದರಿಯಾದದ್ದು ಸೋನಿ ಟಿಸಿ-260 ಎಂಬ ರೀಲ್ ಯಂತ್ರ. ಅದರಲ್ಲಿ ಕ್ಯಾಸೆಟ್ ಗುಣ ಬೇಕಾದರೆ ಲಾಸ್ ವಿಭಾಗದ ಸ್ಪೀಡ್, ಅಂದರೆ ಟೇಪಿನ ವೇಗ, ಇಳಿಸಲೇಬೇಕು.

ವಾವ್ ಎಂದರೆ ಶ್ರುತಿಯ ನಿಧಾನದ ತೂಗಾಟ, ಫ್ಲಟರ್ ಎಂದರೆ ಅದಕ್ಕಿಂತ ವೇಗದ ನಡುಕ. ಎರಡನ್ನೂ ಪ್ಲಗಿನ್ ಮಾಡುವುದು ದನಿಯನ್ನು ತಡಮಾಡುವ, ಬದಲಾಗುತ್ತಿರುವ ಡಿಲೇಯಿಂದ. ಹೀಗಾಗಿ ಮಿಕ್ಸ್ ನಾಬನ್ನು 50ಕ್ಕೆ ಇಟ್ಟರೆ ಮೂಲ ದನಿಯೂ ತೂಗುವ ದನಿಯೂ ಸೇರಿ ಫ್ಲ್ಯಾಂಜರ್ ಥರ ಸೀಟಿ ಹೊಡೆಯುತ್ತವೆ. ಅತಿ ಸಾಮಾನ್ಯ ತಪ್ಪು ಇದೇ. ವಾವ್ ಬೇಕೆಂದರೆ ಮಿಕ್ಸ್ 100 ಇರಲಿ, ಮಿಕ್ಸ್ ಬೇಕೆಂದರೆ ವಾವ್ ಸೊನ್ನೆ ಇರಲಿ. ಪಿಯಾನೋದ ಉದ್ದ ಸ್ವರ ನುಡಿಸಿ ಪರೀಕ್ಷಿಸಿ. ಅಲ್ಲಿ ಶ್ರುತಿ ತಪ್ಪಿದಂತೆ ಕೇಳಿದರೆ ಅರ್ಧಕ್ಕೆ ಇಳಿಸಿ. ಬೇಸನ್ನು ಇದರಿಂದ ದೂರ ಇಡುವುದೇ ಲೇಸು.

ಹಿಸ್, ಅಂದರೆ ಟೇಪಿನ ಸುಯ್ ಸದ್ದು, ಕೂಡ ಕಾಡುತ್ತದೆ. ಎಂಟು ಟ್ರ್ಯಾಕಿಗೆ ಎಂಟು ಪ್ಲಗಿನ್ ಹಾಕಿದರೆ ಗದ್ದಲ ಸುಮಾರು 9 ಡಿಬಿ ಏರುತ್ತದೆ. ಟ್ರ್ಯಾಕುಗಳಲ್ಲಿ ನಾಯ್ಸ್ ಆಫ್ ಮಾಡಿ, ಅವೆಲ್ಲ ಸೇರುವ ಬಸ್‌ನ ಒಂದರಲ್ಲಿ ಮಾತ್ರ ಉಳಿಸಿ. ಹಾಡು ಮುಗಿದ ಮೇಲೂ ಸುಯ್ ಎನ್ನುತ್ತಿದ್ದರೆ ಆಟೊಮೇಷನ್‌ನಲ್ಲಿ ಮುಚ್ಚಿ.

ಇಡೀ ಹಾಡು ಹಾದುಹೋಗುವ ಮಾಸ್ಟರ್‌ನಲ್ಲಿ ಹಾಕುವುದಾದರೆ ಪೀಕ್‌ಗಳನ್ನು ತಡೆಯುವ ಲಿಮಿಟರ್‌ಗೆ ಮೊದಲೇ ಹಾಕಿ. ನಂತರ ಹಾಕಿದರೆ ಕಟ್ಟಿಹಾಕಿದ ಪೀಕ್‌ಗಳು ಮತ್ತೆ ಎದ್ದೇಳುತ್ತವೆ. ಅಲುಗಾಟ ಯಾದೃಚ್ಛಿಕವಾಗಿದ್ದರೆ ಪ್ರತಿ ಬೌನ್ಸ್ (ಹಾಡನ್ನು ಆಡಿಯೋ ಫೈಲಾಗಿ ಹೊರತೆಗೆಯುವುದು) ಬೇರೆಯಾಗಿಯೇ ಬರುತ್ತದೆ. ಹಿಡಿಸಿದ ಟೇಕ್ ಸಿಕ್ಕ ಕೂಡಲೇ ಆಡಿಯೋ ಆಗಿ ಬೌನ್ಸ್ ಮಾಡಿಟ್ಟುಕೊಳ್ಳಿ.